ಕ್ಯಾಲರಿ ಕಡಿಮೆ, ರುಚಿ ಜಾಸ್ತಿ ಇರುವ ಸಲಾಡ್ ಡ್ರೆಸ್ಸಿಂಗ್ ಯಾವುದು?

ಗಟ್ಟಿ ಮೊಸರು, ನಿಂಬೆರಸ, ಹುರಿದು ಪುಡಿ ಮಾಡಿದ ಜೀರಿಗೆ, ಚಿಟಿಕೆ ಉಪ್ಪು. ಇಷ್ಟೇ ಸಾಕು.

ಅಂಗಡಿಯ ಗಟ್ಟಿ ಡ್ರೆಸ್ಸಿಂಗ್‌ಗಳಲ್ಲಿ ಕ್ಯಾಲರಿ ಬರುವುದು ಹೆಚ್ಚಾಗಿ ಎಣ್ಣೆಯಿಂದ. ಒಂದು ದೊಡ್ಡ ಚಮಚ ಎಣ್ಣೆಗೆ ಸುಮಾರು 120 ಕ್ಯಾಲರಿ. ಅಷ್ಟೇ ಮೊಸರಿಗೆ 10–15. ಆದರೆ ಎಣ್ಣೆಯನ್ನು ಸುಮ್ನೆ ಹಾಕಿರುವುದಿಲ್ಲ. ಅದು ಹುಳಿ, ಖಾರವನ್ನು ತರಕಾರಿಗೆ ಅಂಟಿಸುತ್ತದೆ, ಘಮವನ್ನೂ ಹಿಡಿದಿಡುತ್ತದೆ. ಅಂಟಿಸುವ ಕೆಲಸವನ್ನು ಮೊಸರೇ ಮಾಡುತ್ತದೆ. ಘಮಕ್ಕೆ ನಮ್ಮ ಕೋಸಂಬರಿಯ ಉಪಾಯವೇ ವಾಸಿ: ಅರ್ಧ ಟೀ ಚಮಚ ಎಣ್ಣೆಯಲ್ಲಿ ಸಾಸಿವೆ, ಇಂಗಿನ ಒಗ್ಗರಣೆ. ಬಿಸಿ ಎಣ್ಣೆ ಇಂಗಿನ ಪರಿಮಳವನ್ನು ಎಳೆದುಕೊಂಡು ಇಡೀ ಬಟ್ಟಲಿಗೆ ಹರಡುತ್ತದೆ, ಬರೀ 20 ಕ್ಯಾಲರಿಯಲ್ಲಿ!

ಬೆರೆಸುವುದು ಮಾತ್ರ ತಿನ್ನುವ ಹೊತ್ತಿಗೆ. ಮೊದಲೇ ಬೆರೆಸಿದರೆ ಉಪ್ಪಿಗೆ ಸೌತೆಕಾಯಿ ನೀರು ಬಿಟ್ಟು ಎಲ್ಲಾ ನೀರುನೀರಾಗುತ್ತದೆ.