ಮನೆ ಹೆಚ್ಚಿದೆ, ಜನ ಹೆಚ್ಚಿದ್ದಾರೆಯೇ?

ಪ್ರಶ್ನೆ: ಮಂಗಳೂರಿನ ಕುದ್ರೋಳಿಯ ನಮ್ಮ ಓಣಿಯ ಹಂಚಿನ ಮನೆಗಳು ಒಂದೊಂದಾಗಿ ಹೋಗಿ ಫ್ಲ್ಯಾಟುಗಳು ಬಂದಿವೆ. ಜನ ದುಪ್ಪಟ್ಟಾಗಿದ್ದಾರೆ, ನೀರು ಸಾಲದು ಎಂದು ಕೆಲವರು. ರಾತ್ರಿ ಎಷ್ಟೋ ಫ್ಲ್ಯಾಟುಗಳಲ್ಲಿ ದೀಪವೇ ಉರಿಯುವುದಿಲ್ಲ ಎಂದು ಇನ್ನು ಕೆಲವರು. ಪಾಲಿಕೆಗೆ ಮನವಿ ಕೊಡಬೇಕು. ಲೆಕ್ಕ ಹಾಕುವುದು ಹೇಗೆ?

ಉತ್ತರ: ಮನೆ, ಕುಟುಂಬ, ಜನ ಈ ಮೂರನ್ನೂ ಬೇರೆಬೇರೆಯಾಗಿ ಎಣಿಸಿ. ಜನಗಣತಿಯ ಪ್ರಕಾರ ಪ್ರತ್ಯೇಕ ಮುಖ್ಯ ಬಾಗಿಲಿದ್ದು ಪ್ರತ್ಯೇಕವಾಗಿ ಬಳಕೆಯಾಗುವ ಭಾಗ ಒಂದು ಮನೆ. ಸಾಮಾನ್ಯವಾಗಿ ಒಟ್ಟಿಗೆ ಇದ್ದು ಒಂದೇ ಅಡುಗೆಯಲ್ಲಿ ಉಣ್ಣುವವರು ಒಂದು ಕುಟುಂಬ. ಒಂದೇ ಸೂರಿನಡಿ ಅಣ್ಣತಮ್ಮಂದಿರು ಬೇರೆ ಒಲೆ ಹೂಡಿದ್ದರೆ ಅವು ಎರಡು ಕುಟುಂಬಗಳೇ.

ಉದಾಹರಣೆಗೆ, 20 ಹಂಚಿನ ಮನೆಗಳಲ್ಲಿ ತಲಾ 6 ಮಂದಿ ಇದ್ದರು ಎಂದುಕೊಳ್ಳಿ, ಒಟ್ಟು 120. ಆ ಜಾಗದಲ್ಲೀಗ 48 ಫ್ಲ್ಯಾಟು. 12ಕ್ಕೆ ಬೀಗ. ಉಳಿದ 36ರಲ್ಲಿ ತಲಾ 3 ಮಂದಿ, ಒಟ್ಟು 108. ಮನೆಗಳು ಎರಡು ಪಟ್ಟು ಮೀರಿದವು, ಜನ ಕಡಿಮೆಯಾದರು. ನಮ್ಮ ಊರಲ್ಲಿ ಇದು ಅಪರೂಪವಲ್ಲ: ಮಕ್ಕಳು ಬೆಂಗಳೂರಿಗೆ ಹೋಗಿದ್ದಾರೆ, ಫ್ಲ್ಯಾಟು ಕೊಂಡವರು ಗಲ್ಫಿನಲ್ಲೋ ಮುಂಬಯಿಯಲ್ಲೋ ಇದ್ದಾರೆ.

ಎಣಿಸುವಾಗ ಕರೆಂಟ್ ಮೀಟರನ್ನು ನಂಬಬೇಡಿ. ಲಿಫ್ಟು, ಪಂಪುಗಳಿಗೂ ಬೇರೆ ಮೀಟರ್ ಇರುತ್ತದೆ. ಬಾಗಿಲುಗಳನ್ನು ಎಣಿಸಿ, ಎಷ್ಟಕ್ಕೆ ಬೀಗ ಎಂದು ವಾಚ್‌ಮನ್ ಬಳಿ ಕೇಳಿ, ಬೆಳಿಗ್ಗೆ ಕಸದ ಗಾಡಿ ಬರುವಾಗ ಹಸಿ ಕಸದ ಬಕೆಟ್ ಹೊರಬರುವ ಮನೆಗಳನ್ನು ಗುರುತಿಸಿ. ಒಲೆ ಉರಿಯುವ ಮನೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಬೇಸಿಗೆ ರಜೆ, ದಸರಾ, ಕ್ರಿಸ್ಮಸ್ ಬಿಟ್ಟು ಎಣಿಸಿ.

ಆದರೆ ನೀರಿನ ಮನವಿಗೆ ಮಾಮೂಲಿ ದಿನಗಳ ಈ ಲೆಕ್ಕ ಸಾಲದು. ಮೇ ತಿಂಗಳಲ್ಲಿ ಊರಿಗೆ ಬಂದವರು ಬೀಗ ತೆಗೆಯುತ್ತಾರೆ. 48 ಫ್ಲ್ಯಾಟಿನಲ್ಲೂ ತಲಾ 4 ಮಂದಿ ಎಂದರೆ 192. ತುಂಬೆ ಅಣೆಕಟ್ಟಿನಲ್ಲಿ ನೇತ್ರಾವತಿಯ ನೀರು ಇಳಿಯುವುದೂ ಆಗಲೇ. ಹಾಗಾಗಿ ಇಲ್ಲಿನ 108 ಮತ್ತು 192ರಂತೆ ನಿಮ್ಮ ಓಣಿಯ ಎರಡೂ ಅಂಕಿಗಳನ್ನು ಬರೆದು, ಯಾವ ತಿಂಗಳ ಎಣಿಕೆ, ಯಾವುದು ಅಂದಾಜು ಎಂದು ಕಾಣಿಸಿ. ಒಂದನ್ನೇ ಕೊಟ್ಟರೆ ಅಧಿಕಾರಿಗಳು ಸುಲಭವಾಗಿ ತಳ್ಳಿಹಾಕಬಹುದು.

ಪ್ರಶ್ನೆ: ಅತ್ತಾವರದ ಜನಗಣತಿ ಅಂಕಿ ನೋಡಿ ಕುಟುಂಬದ ಸರಾಸರಿ ಗಾತ್ರ ತಿಳಿಯಬಹುದೇ?

ಉತ್ತರ: ತಿಳಿಯಬಹುದು, ಆದರೆ ಮೋಸಹೋಗುವುದು ಅಲ್ಲೇ. ಒಟ್ಟು ಜನರನ್ನು ಕುಟುಂಬಗಳ ಸಂಖ್ಯೆಯಿಂದ ಭಾಗಿಸಿದರೆ ಹಾಸ್ಟೆಲ್‌ಗಳೂ ಒಳಗೆ ಸೇರುತ್ತವೆ. ಒಂದೇ ಮೆಸ್ಸಿನಲ್ಲಿ ಉಣ್ಣುವ 200 ವಿದ್ಯಾರ್ಥಿಗಳ ಹಾಸ್ಟೆಲ್, ಗಣತಿಯಲ್ಲಿ ಸಾಂಸ್ಥಿಕ ಕುಟುಂಬ ಎಂಬ ಒಂದೇ ಘಟಕ. ಮೆಡಿಕಲ್ ಕಾಲೇಜುಗಳಿರುವ ಅತ್ತಾವರ, ಕಂಕನಾಡಿ ಕಡೆ ಇದರಿಂದ ಸರಾಸರಿ ಉಬ್ಬುತ್ತದೆ. ಬದಲಿಗೆ 2011ರ ಜನಗಣತಿಯ ಮನೆಪಟ್ಟಿಯ ವಾರ್ಡುವಾರು ಕೋಷ್ಟಕ ನೋಡಿ. ಒಬ್ಬರೇ ಇರುವ, ಇಬ್ಬರಿರುವ, 6ರಿಂದ 8 ಮಂದಿಯ ಕುಟುಂಬಗಳು ಶೇಕಡಾ ಎಷ್ಟು ಎಂದು ಅಲ್ಲಿದೆ. ಚಾವಣಿಯ ಅಂಕಣದಲ್ಲಿ ಯಂತ್ರದ ಹಂಚು, ಕಾಂಕ್ರೀಟ್ ಬೇರೆಬೇರೆ ಇವೆ. 1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಊರಿನಲ್ಲಿ ಹಂಚು ಎಷ್ಟು ಉಳಿದಿದೆ ಎಂದು ಆ ಅಂಕಣವೇ ಹೇಳುತ್ತದೆ.

2001ರ ಜೊತೆ ಹೋಲಿಸುವ ಮೊದಲು ವಾರ್ಡಿನ ಗಡಿ ಒಂದೇ ಇದೆಯೇ ನೋಡಿ. ಹೆಸರು ಒಂದೇ ಇದ್ದರೆ ಸಾಲದು. 2011ರ ನಂತರದ ಫ್ಲ್ಯಾಟುಗಳು ಆ ಅಂಕಿಯಲ್ಲಿ ಇಲ್ಲ. ಮುಂದಿನ ಜನಗಣತಿಯ ಉಲ್ಲೇಖ ದಿನ, ಅಂದರೆ ಎಣಿಕೆಗೆ ಆಧಾರವಾಗುವ ದಿನ, 2027ರ ಮಾರ್ಚ್ 1.

ಪ್ರಶ್ನೆ: ಬೋಳಾರದ ನಮ್ಮ 12 ಸೆಂಟ್ಸ್ ಹಿತ್ತಲನ್ನು ಬಿಲ್ಡರ್ ಜಂಟಿ ಅಭಿವೃದ್ಧಿಗೆ (ಜಾಗ ನಮ್ಮದು, ಕಟ್ಟುವುದು ಅವರು, ಫ್ಲ್ಯಾಟುಗಳಲ್ಲಿ ಇಬ್ಬರಿಗೂ ಪಾಲು) ಕೇಳಿದ್ದಾರೆ. ಏನು ನೋಡಬೇಕು?

ಉತ್ತರ: 12 ಸೆಂಟ್ಸ್ ಎಂದರೆ ಸುಮಾರು 486 ಚದರ ಮೀಟರ್. ಜಾಗ 500 ಚದರ ಮೀಟರ್ ಮೀರದಿದ್ದರೆ, ಅಥವಾ ಫ್ಲ್ಯಾಟು ಎಂಟಕ್ಕಿಂತ ಹೆಚ್ಚಿಲ್ಲದಿದ್ದರೆ, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ನೋಂದಣಿ ಕಡ್ಡಾಯವಲ್ಲ. ಆದ್ದರಿಂದ ಕಟ್ಟಡ ಮುಗಿಯುವ ದಿನ, ತಡವಾದರೆ ತಿಂಗಳಿಗೆ ಎಷ್ಟು ಪರಿಹಾರ, ಅಲ್ಲಿಯವರೆಗಿನ ಬಾಡಿಗೆ ಯಾರದು ಎಂಬುದನ್ನೆಲ್ಲ ನೋಂದಾಯಿತ ಕರಾರಿನಲ್ಲೇ ಬರೆಸಬೇಕು. ದಾಖಲೆಯಲ್ಲಿ ಮೂಲಗೇಣಿ (ಶಾಶ್ವತ ಗೇಣಿ) ಎಂದಿದ್ದರೆ ಮೂಲವರ್ಗದಾರರ (ಜಾಗವನ್ನು ಗೇಣಿಗೆ ಕೊಟ್ಟ ಒಡೆಯರ) ಹಕ್ಕು ಮೊದಲು ಇತ್ಯರ್ಥವಾಗಲಿ. ಅಳಿಯಸಂತಾನ (ತಾಯಿಯ ಕಡೆಯಿಂದ ಆಸ್ತಿ ಸಾಗುವ) ಕುಟುಂಬದ ಆಸ್ತಿಯಾದರೆ ಯಜಮಾನರೊಬ್ಬರ ಸಹಿಯಿಂದ ಮುಂದುವರಿಯಬೇಡಿ, ಪಾಲಿರುವ ಎಲ್ಲರೂ ಸಹಿ ಹಾಕಲಿ. ನಿಮ್ಮ ಪಾಲನ್ನು ಸೂಪರ್ ಬಿಲ್ಟಪ್‌ನಲ್ಲಿ ಒಪ್ಪಿಕೊಳ್ಳಬೇಡಿ. ಮೆಟ್ಟಿಲು, ಲಿಫ್ಟು, ಹೊರಗೋಡೆ ಎಲ್ಲವೂ ಅದರಲ್ಲಿ ಸೇರಿರುತ್ತವೆ. ಕಾರ್ಪೆಟ್ ಏರಿಯಾ (ಫ್ಲ್ಯಾಟಿನ ಒಳಗೆ ಬಳಸಲು ಸಿಗುವ ಜಾಗ) ಎಷ್ಟು, ಯಾವ ಮಹಡಿ, ಜಾಗದಲ್ಲಿ ಅವಿಭಜಿತ ಹಕ್ಕು ಎಷ್ಟು, ಹಳೆಯ ಬಾವಿ ಉಳಿಯುತ್ತದೆಯೇ ಎಂಬುದನ್ನು ನಕ್ಷೆಯ ಮೇಲೆ ಗುರುತು ಹಾಕಿಸಿ, ಆ ನಕ್ಷೆಗೂ ಇಬ್ಬರ ಸಹಿ ಇರಲಿ.