ಬಾಲ್ ಕೊನೆಯಲ್ಲಿ ಗಕ್ಕನೆ ತಿರುಗುತ್ತಾ? ಮೊದಲು ಅದರ ಹೊಳಪು ತೆಗೆಸಿ

ಈ ಸಲದ ಪ್ರಶ್ನೆಗಳೆಲ್ಲ ಕೊಡಗಿನಿಂದ ಬಂದಿವೆ. ಎಲ್ಲವೂ ಟೆನ್‌ಪಿನ್ ಬೌಲಿಂಗ್ (ಬಾಲ್ ಉರುಳಿಸಿ ಹತ್ತು ಪಿನ್ ಬೀಳಿಸುವ ಆಟ) ಬಾಲ್ ಬಗ್ಗೆಯೇ. ಹಾಕಿಗೆ ಹೆಸರಾದ ನಾಡಿನಿಂದ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಗೋಣಿಕೊಪ್ಪದವರ ಪತ್ರ ಉದ್ದ ಇದೆ, ಅದಕ್ಕೆ ಉತ್ತರವೂ ಉದ್ದ.

ಪ್ರಶ್ನೆ: ಸರ್, ಕಾಫಿ ಕುಯ್ಲು ಮುಗಿದ ಮೇಲೆ ನಾವು ನಾಲ್ಕೈದು ಜನ ಸ್ನೇಹಿತರು ವಾರಕ್ಕೊಮ್ಮೆ ಮೈಸೂರಿಗೆ ಹೋಗಿ ಬೌಲಿಂಗ್ ಆಡುತ್ತೇವೆ. ಆಗಾಗ ಟೂರ್ನಿ ಅಂತ ಬೆಂಗಳೂರಿಗೂ ಹೋಗುವುದುಂಟು. ಹೋದ ವರ್ಷ 15 ಪೌಂಡಿನ ಸ್ವಂತ ಬಾಲ್ ತಗೊಂಡೆ. ಪರ್ಲ್ ಕವರ್ (ಹೊರಮೈ), ಅಸಿಮೆಟ್ರಿಕ್ ಕೋರ್ (ಒಳಗಿನ ತೂಕದ ಗುಂಡು), ಕನ್ನಡಿ ತರ ಪಾಲಿಶ್. ಹುಕ್, ಅಂದರೆ ತಿರುವು, ಏನೋ ಚೆನ್ನಾಗಿದೆ. ಆದರೆ ಒಂದು ಸಲ ಹೆಡ್ ಪಿನ್ (ಎಲ್ಲಕ್ಕಿಂತ ಮುಂದಿನ ಪಿನ್) ಪಕ್ಕದ ಸಂದಿಗೆ, ಅಂದರೆ ಪಾಕೆಟ್‌ಗೆ ಬರುತ್ತೆ, ಮುಂದಿನ ಸಲ ಹೆಚ್ಚುಕಡಿಮೆ ಅಲ್ಲೇ ಹಾಕಿದರೂ ಹೆಡ್ ಪಿನ್ ದಾಟಿ ಎಡಕ್ಕೆ ಹೋಗುತ್ತೆ, ಇನ್ನೊಂದು ಸಲ ತಿರುಗುವುದೇ ಇಲ್ಲ. ನಾವು ಮೈಸೂರಿಗೆ ಹೋಗುವ ಹೊತ್ತಿಗೆ ಲೇನ್ (ಬಾಲ್ ಉರುಳುವ, ಎಣ್ಣೆ ಸವರಿದ ದಾರಿ) ಒಣಗಿರುತ್ತದೆ. ಟೂರ್ನಿಯಲ್ಲಿ ಹೊಸ ಎಣ್ಣೆ. ಎರಡು ಕಡೆಯೂ ನಯವಾಗಿ ತಿರುಗಿ, ಹೇಳಿದ ಮಾತು ಕೇಳುವ ಬಾಲ್ ಯಾವುದು? ಬಲಗೈ ಆಟ, ವೇಗ ಸ್ಕ್ರೀನಿನಲ್ಲಿ 25–26 ಕಿ.ಮೀ. ತೋರಿಸುತ್ತದೆ.
— ಓದುಗರು, ಗೋಣಿಕೊಪ್ಪ

ಉತ್ತರ: ಹೊಸ ಬಾಲ್ ವಿಷಯ ಆಮೇಲೆ ನೋಡೋಣ. ಮೊದಲು ಈಗಿರುವ ಬಾಲನ್ನೇ ಪ್ರೊ ಶಾಪಿಗೆ (ಬೌಲಿಂಗ್ ಸಾಮಾನಿನ ಅಂಗಡಿಗೆ) ಕೊಟ್ಟು ಪಾಲಿಶ್ ತೆಗೆಸಿ. 2000 ಗ್ರಿಟ್ (ಅಂಕಿ ಕಡಿಮೆಯಾದಷ್ಟೂ ಒರಟು) ಪ್ಯಾಡಿನಲ್ಲಿ ಸುತ್ತಲೂ ಸಮನಾಗಿ ಉಜ್ಜಿಸಿ. ಹೊಸ ಬಾಲಿನ ಬೆಲೆಗೆ ಹೋಲಿಸಿದರೆ ಇದು ಖರ್ಚೇ ಅಲ್ಲ. ನಿಮ್ಮ ಅರ್ಧ ತೊಂದರೆ ಅಲ್ಲೇ ಮುಗಿಯಬಹುದು.

ಯಾಕೆ ಅಂತ ಹೇಳುತ್ತೇನೆ. ಬಾಲ್ ಬಿಡುವ ಫೌಲ್ ಲೈನಿನಿಂದ ಹೆಡ್ ಪಿನ್‌ವರೆಗೆ 60 ಅಡಿ. ಸಾಮಾನ್ಯವಾಗಿ ಅದರಲ್ಲಿ ಮೊದಲ 40 ಅಡಿಯ ಆಸುಪಾಸು ಎಣ್ಣೆ ಇರುತ್ತದೆ, ಅಲ್ಲಿಂದ ಮುಂದೆ ಒಣ. ಸೆಂಟರಿನವರು ದಿನಾ ಹಾಕುವ ಹೌಸ್ ಪ್ಯಾಟರ್ನ್ ಆದರೆ ನಡುವೆ ಎಣ್ಣೆ ದಪ್ಪ, ಅಂಚಿನ ಗಟರ್ ಕಡೆಗೆ ತೀರಾ ತೆಳು. ಬಾಲ್ ಮೊದಲು ಜಾರುತ್ತದೆ, ಆಮೇಲೆ ತಿರುಗುತ್ತದೆ, ಕೊನೆಗೆ ಉರುಳುತ್ತಾ ಹೋಗಿ ಪಿನ್‌ಗೆ ಹೊಡೆಯುತ್ತದೆ. ಪಾಲಿಶ್ ಮಾಡಿದ ಪರ್ಲ್ ಬಾಲಿಗೆ ಎಣ್ಣೆಯ ಮೇಲೆ ಹಿಡಿತವೇ ಸಿಗುವುದಿಲ್ಲ. ಇರುವ ಶಕ್ತಿಯನ್ನೆಲ್ಲ ಕಾಪಿಟ್ಟುಕೊಂಡು, ಒಣ ಜಾಗ ಸಿಕ್ಕಿದ ಕೂಡಲೇ ಒಂದೇ ಏಟಿಗೆ ಖರ್ಚು ಮಾಡುತ್ತದೆ. ನೀವು ಹಾಕಿ ಆಡಿದವರಾದರೆ ಬೇಗ ಅರ್ಥವಾಗುತ್ತೆ: ನೀರು ಹಾಯಿಸಿದ ಟರ್ಫಿನಲ್ಲಿ ಸುಯ್ಯನೆ ಓಡಿದ ಚೆಂಡು ಒಣಗಿದ ತುಂಡಿಗೆ ಬಂದಾಗ ತಟ್ಟನೆ ತಡೆಯುತ್ತದಲ್ಲ, ಹಾಗೆ.

ಈಗ ಲೇನಿನ ಅಗಲ ನೋಡಿ. ಒಟ್ಟು 39 ಬೋರ್ಡ್ (ಉದ್ದುದ್ದ ಪಟ್ಟಿ), ಒಂದೊಂದೂ ಸುಮಾರು 1 ಇಂಚು. ನಿಮ್ಮ ಕೈ ಒಂದು ಬೋರ್ಡ್ ಆಚೆ, ಒಂದು ಬೋರ್ಡ್ ಈಚೆ ಆಗುವುದು ಸಹಜ. ಒಂದು ಬೋರ್ಡ್ ಹೊರಗೆ ಹೋದರೆ ಬಾಲಿಗೆ ಒಣ ಜಾಗ ಬೇಗ ಸಿಗುತ್ತದೆ, ಜೋರಾಗಿ ತಿರುಗಿ ಹೆಡ್ ಪಿನ್ ಎಡಕ್ಕೆ ದಾಟುತ್ತದೆ. ಒಂದು ಬೋರ್ಡ್ ಒಳಗೆ ಬಿದ್ದರೆ ದಪ್ಪ ಎಣ್ಣೆಯಲ್ಲಿ ಜಾರಿಕೊಂಡು ಪಾಕೆಟ್ ತಪ್ಪಿಸುತ್ತದೆ. ನೀವು ಬರೆದ ಎರಡೂ ತೊಂದರೆ ಇವೇ. ಇಂಚಿನ ತಪ್ಪನ್ನು ಹೊಳೆಯುವ ಬಾಲ್ ಅಡಿಯಷ್ಟು ಮಾಡಿ ತೋರಿಸುತ್ತದೆ. ಉಜ್ಜಿದ ಮೈಯಲ್ಲಿ ಸಣ್ಣ ಸಣ್ಣ ಗೀರು ಇರುತ್ತವೆ. ಅವು ಎಣ್ಣೆಯ ಪದರದಲ್ಲೂ ಲೇನಿನ ಹಿಡಿತ ಹುಡುಕುತ್ತವೆ. ಬಾಲ್ ಸ್ವಲ್ಪ ಮೊದಲೇ ನಿಧಾನವಾಗಿ ತಿರುಗಲು ಶುರು ಮಾಡುತ್ತದೆ, ಒಣ ಜಾಗಕ್ಕೆ ಬರುವಷ್ಟರಲ್ಲಿ ಅರ್ಧ ಶಕ್ತಿ ಖರ್ಚಾಗಿರುತ್ತದೆ. ಹಾಗಾಗಿ ಗಕ್ಕನೆ ತಿರುವು ಇಲ್ಲ.

ಇದನ್ನು ಮಾಡಿ ಒಂದು ತಿಂಗಳು ಆಡಿ. ಆಮೇಲೂ ಬೇರೆ ಬಾಲ್ ಬೇಕು ಅನ್ನಿಸಿದರೆ ನನ್ನ ಸಲಹೆ ಹೀಗಿದೆ: ಸಾಲಿಡ್ ರಿಯಾಕ್ಟಿವ್ ಕವರ್ (ರಿಯಾಕ್ಟಿವ್ ಅಂದರೆ ಲೇನನ್ನು ಚೆನ್ನಾಗಿ ಹಿಡಿಯುವ ಹೊರಮೈ), ಸಿಮೆಟ್ರಿಕ್ ಕೋರ್, 2000 ಅಥವಾ 3000 ಗ್ರಿಟ್ ಮೈ. ಪರ್ಲ್ ಕವರಿನಲ್ಲಿ ಅಭ್ರಕದ ಪುಡಿ ಬೆರೆಸಿರುತ್ತಾರೆ, ಅದು ಎಣ್ಣೆಯಲ್ಲಿ ಜಾಸ್ತಿ ಜಾರುತ್ತದೆ. ಸಾಲಿಡ್ ಬೇಗ ಹಿಡಿಯುತ್ತದೆ. ಹೈಬ್ರಿಡ್ ಎರಡರ ನಡುವೆ. ಕ್ಯಾಟಲಾಗಿನಲ್ಲಿ ಎರಡು ಅಂಕಿ ಇರುತ್ತವೆ. ಮೊದಲನೆಯದು ಆರ್.ಜಿ. (ಬಾಲಿನ ತೂಕ ನಡುವಿನಿಂದ ಎಷ್ಟು ದೂರ ಹರಡಿದೆ ಅನ್ನುವ ಅಳತೆ), ಇದು ನಿಯಮದ ಪ್ರಕಾರ 2.46ರಿಂದ 2.80ರ ಒಳಗಿರಬೇಕು. ಕಡಿಮೆ ಇದ್ದಷ್ಟೂ ಬಾಲ್ ಬೇಗ ಉರುಳಲು ಶುರು ಮಾಡುತ್ತದೆ. 2.50ರ ಹತ್ತಿರದ್ದು ನೋಡಿ. ಎರಡನೆಯದು ಡಿಫರೆನ್ಷಿಯಲ್, ಗರಿಷ್ಠ 0.060. ಇದು ಜಾಸ್ತಿಯಾದಷ್ಟೂ ಬಾಲ್ ಪ್ರತಿ ಸುತ್ತಿಗೂ ತನ್ನ ಹೊಸ, ಎಣ್ಣೆ ಹತ್ತದ ಮೈಯನ್ನು ಲೇನಿಗೆ ತಾಗಿಸುತ್ತದೆ, ಹುಕ್ ಜೋರಾಗುತ್ತದೆ. ನಿಮಗೆ 0.035ರಿಂದ 0.045 ಸಾಕು.

ಆದರೆ ಈ ಅಂಕಿಗಳ ಹಿಂದೆ ಜಾಸ್ತಿ ಓಡಬೇಡಿ. ಕವರ್ ಯಾವುದು, ಮೈ ಎಷ್ಟು ಒರಟು ಅನ್ನುವುದೇ ಮುಕ್ಕಾಲು ಪಾಲು ಕೆಲಸ ಮಾಡುತ್ತದೆ. ಜನ ಕೋರಿನ ಚಿತ್ರ ನೋಡಿ ಬಾಲ್ ತಗೊಳ್ಳುತ್ತಾರೆ. ಕೋರ್ ಒಳಗಿರುತ್ತದೆ, ಲೇನ್ ಮುಟ್ಟುವುದು ಮೈ ತಾನೇ.

ಡ್ರಿಲ್ ಮಾಡಿಸುವಾಗ ಮಾತ್ರ ಹಟ ಹಿಡಿಯಿರಿ. ನಿಮ್ಮ ಕೈಯಿಂದ ಬಿಟ್ಟ ಬಾಲ್ ಯಾವ ಅಕ್ಷದ ಸುತ್ತ ತಿರುಗುತ್ತದೆ ಅಂತ ಗುರುತು ಮಾಡಿಸದೆ ತೂತು ಕೊರೆಯಲು ಬಿಡಬೇಡಿ. ಆ ಗುರುತಿಗೆ ಪಿ.ಎ.ಪಿ. ಅನ್ನುತ್ತಾರೆ. ಅದರಿಂದ ಬಾಲಿನ ಪಿನ್ (ಒಳಗಿನ ಕೋರಿನ ತುದಿ ತೋರಿಸುವ ಬಣ್ಣದ ಚುಕ್ಕೆ) ಮೂರೂಕಾಲು, ಮೂರೂವರೆ ಇಂಚಿನ ಆಸುಪಾಸಿನಲ್ಲಿದ್ದರೆ ಹುಕ್ ಅತಿ ಜೋರು. ನಾಲ್ಕೂವರೆಯಿಂದ ಐದು ಇಂಚು ದೂರ ಇಟ್ಟು, ಪಿನ್ ಬೆರಳಿನ ತೂತುಗಳಿಗಿಂತ ಕೆಳಗೆ ಬರುವ ಹಾಗೆ ಕೊರೆದರೆ ತಿರುವು ಮೆತ್ತಗಾಗುತ್ತದೆ. "ಪಿನ್ ಡೌನ್ ಬೇಕು, ಸ್ಮೂತ್ ಆಗಿರಲಿ" ಅಂದರೆ ಕೆಲಸ ಗೊತ್ತಿರುವವರಿಗೆ ಅರ್ಥವಾಗುತ್ತದೆ.

ಇನ್ನು ಎರಡು ಊರಿನ ಲೇನ್. ಒಂದೇ ಬಾಲ್ ಎರಡು ಕಡೆ ನಡೆಯುತ್ತದೆ, ಆದರೆ ಮೈ ಬದಲಿಸಬೇಕು. ಟೂರ್ನಿಯ ಹೊಸ ಎಣ್ಣೆಗೆ 2000, ಎಣ್ಣೆ ತೀರಾ ಜಾಸ್ತಿ ಅನ್ನಿಸಿದರೆ 1000. ಒಣಗಿದ ಲೇನಿಗೆ ಹೋಗುವ ಹಿಂದಿನ ದಿನ 4000 ಪ್ಯಾಡ್. ಒಣ ಲೇನಿನಲ್ಲಿ ಒರಟು ಬಾಲ್ ಹಾಕಿದರೆ ಏನಾಗುತ್ತೆ ಗೊತ್ತಾ? ಅರ್ಧ ದಾರಿಗೇ ಶಕ್ತಿಯೆಲ್ಲ ಮುಗಿದು, ಪಿನ್ ಹತ್ತಿರ ಬಂದಾಗ ಸುಸ್ತಾಗಿರುತ್ತದೆ. ಪಾಕೆಟ್‌ಗೆ ಸರಿಯಾಗಿ ಹೊಡೆದರೂ ಮೂಲೆಯ 10ನೇ ಪಿನ್ ನಿಂತಿರುತ್ತದೆ. ಪ್ಯಾಡ್‌ಗಳನ್ನು ಬ್ಯಾಗಿನಲ್ಲೇ ಇಟ್ಟುಕೊಳ್ಳಿ. ಆದರೆ ಪಂದ್ಯ ಶುರುವಾದ ಮೇಲೆ ಮೈ ಉಜ್ಜುವಂತಿಲ್ಲ, ಅದು ನಿಯಮ. ಏನಿದ್ದರೂ ಮೊದಲೇ ಮುಗಿಸಿ.

ಎರಡು ಮೂರು ಗೇಮ್ ಆದ ಮೇಲೆ ನೀವು ಹಾಕುವ ದಾರಿಯಲ್ಲಿ ಎಣ್ಣೆ ತೆಳುವಾಗಿ ಬಾಲ್ ಬೇಗ ತಿರುಗಲು ಶುರುವಾಗುತ್ತದೆ. ಆಗ ಕಾಲು ಎರಡು ಬೋರ್ಡ್, ಗುರಿ ಒಂದು ಬೋರ್ಡ್ ಎಡಕ್ಕೆ ಸರಿಸಿ. ಬಾಲ್ ಬದಲಿಸುವ ಯೋಚನೆ ಅದಾದ ಮೇಲೆ.

ಕೈಯಲ್ಲಿ ಇನ್ನೂ ದುಡ್ಡು ಉಳಿದಿದ್ದರೆ ಒಂದು ಪ್ಲಾಸ್ಟಿಕ್ ಬಾಲ್ ತಗೊಳ್ಳಿ. ಅದು ತಿರುಗುವುದಿಲ್ಲ, ನೇರ ಹೋಗುತ್ತದೆ. ಸ್ಪೇರ್‌ಗೆ (ಮೊದಲ ಬಾಲಿಗೆ ಉಳಿದ ಪಿನ್ ಬೀಳಿಸಲು), ಅದರಲ್ಲೂ 10ನೇ ಪಿನ್‌ಗೆ ಅದೇ ಬೇಕು. ಎರಡನೇ ಹುಕ್ ಬಾಲಿಗಿಂತ ಇದರಿಂದ ಸ್ಕೋರ್ ಜಾಸ್ತಿ ಏರುತ್ತದೆ. ಅಂಗಡಿಯವರು ಇದನ್ನು ಹೇಳುವುದು ಕಡಿಮೆ. ಅಗ್ಗದ ಬಾಲ್ ಅಲ್ವಾ!

ಪ್ರಶ್ನೆ: ಯುರೇಥೇನ್ ಬಾಲಿನಷ್ಟು ಕಂಟ್ರೋಲ್ ಬೇರೆ ಯಾವುದರಲ್ಲೂ ಇಲ್ಲ ಅಂತಾರೆ. ನನ್ನ ಬಾಲಿನ ವೇಗ ಜಾಸ್ತಿ, ಸುತ್ತು ಕಡಿಮೆ. ತಗೊಳ್ಳಲಾ?
— ಓದುಗರು, ಕುಶಾಲನಗರ

ಉತ್ತರ: ನಿಮಗೆ ಬೇಡ. ಯುರೇಥೇನ್ ಅನ್ನುವ ಕವರ್ 1980ರ ದಶಕದ ಶುರುವಿನಲ್ಲಿ ಬಂತು. ಹತ್ತು ವರ್ಷದ ಆಸುಪಾಸಿನಲ್ಲಿ ರಿಯಾಕ್ಟಿವ್ ಬಂದು ಅದನ್ನು ಮೂಲೆಗೆ ತಳ್ಳಿತು. ಈಗ ಮತ್ತೆ ಬೇಡಿಕೆ ಬಂದಿದೆ, ಅದರಲ್ಲೂ ಕೈಯಲ್ಲಿ ಸುತ್ತು ಜಾಸ್ತಿ ಇರುವವರಿಂದ. ಎರಡು ಕೈಯಲ್ಲಿ ಬಾಲ್ ಹಾಕುವವರಿಗೆ ಚಿಕ್ಕ ಪ್ಯಾಟರ್ನಿನಲ್ಲಿ (ಎಣ್ಣೆಯ ಉದ್ದ ಕಡಿಮೆ ಇರುವಲ್ಲಿ) ರಿಯಾಕ್ಟಿವ್ ಹಿಡಿತಕ್ಕೇ ಸಿಗುವುದಿಲ್ಲ, ಅವರಿಗೆ ಯುರೇಥೇನ್ ಲಗಾಮು. ನಿಮ್ಮ ತರ ವೇಗ ಜಾಸ್ತಿ, ಸುತ್ತು ಕಡಿಮೆ ಇರುವವರು ಹಾಕಿದರೆ ಬಾಲ್ ಹೆಚ್ಚುಕಡಿಮೆ ನೇರವೇ ಹೋಗುತ್ತದೆ. ಪಾಕೆಟ್‌ಗೆ ಸುಮಾರು 6 ಡಿಗ್ರಿ ಕೋನದಲ್ಲಿ ಹೊಕ್ಕರೆ ಸ್ಟ್ರೈಕಿಗೆ ಒಳ್ಳೆಯದು. ನಿಮಗೆ ಅದರ ಅರ್ಧವೂ ಸಿಗುವುದು ಕಷ್ಟ. ಗೋಣಿಕೊಪ್ಪದವರಿಗೆ ಹೇಳಿದ ಸಾಲಿಡ್ ಬಾಲನ್ನೇ 1000 ಅಥವಾ 1500 ಗ್ರಿಟ್‌ನಲ್ಲಿ ಉಜ್ಜಿಸಿ ಆಡಿ.

ಪ್ರಶ್ನೆ: ಲೇನಿಗೆ ಎಷ್ಟು ಉದ್ದ ಎಣ್ಣೆ ಹಾಕಿದ್ದಾರೆ ಅಂತ ಕೇಳಿದರೆ ಕೌಂಟರಿನಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಎಣ್ಣೆ ಕಣ್ಣಿಗೂ ಕಾಣುವುದಿಲ್ಲ. ಹೇಗೆ ತಿಳಿಯುವುದು?
— ಓದುಗರು, ಮಡಿಕೇರಿ

ಉತ್ತರ: ಬಾಲೇ ಹೇಳುತ್ತದೆ. ವಾಪಸ್ ಬಂದ ಬಾಲನ್ನು ಕೂಡಲೇ ಒರೆಸಬೇಡಿ. ದೀಪಕ್ಕೆ ಹಿಡಿದು ಓರೆಯಾಗಿ ನೋಡಿ. ಮೈಮೇಲೆ ಎಣ್ಣೆಯ ಉಂಗುರಗಳು ಕಾಣುತ್ತವೆ, ಒಂದು ಕಡೆ ಎಲ್ಲ ಸೇರಿಕೊಂಡು ಆಮೇಲೆ ಬೀಸಣಿಗೆಯ ಹಾಗೆ ಬಿಚ್ಚಿಕೊಂಡಿರುತ್ತವೆ. ಉಂಗುರ ದಪ್ಪಗಿದ್ದು ಬೆರಳಿಗೆ ಜಿಡ್ಡು ಹತ್ತಿದರೆ ಲೇನಿನಲ್ಲಿ ಎಣ್ಣೆ ಸಾಕಷ್ಟಿದೆ. ಮಾಸಲು ಗೆರೆ ಮಾತ್ರ ಇದ್ದರೆ ಒಣಗಿದೆ. ನೋಡಿ ಆದ ಮೇಲೆ ಒರೆಸಿ, ಪ್ರತಿ ಸಲ ಒರೆಸಿ. ಜಿಡ್ಡು ಮೈಯ ಬಾಲ್ ಒಂದೇ ತರ ತಿರುಗುವುದಿಲ್ಲ.

ಪ್ರಾಕ್ಟೀಸಿನಲ್ಲಿ, ಬಲಗಡೆಯಿಂದ ಎಣಿಸಿ, ಒಂದು ಬಾಲ್ 5ನೇ ಬೋರ್ಡ್ ಮೇಲೆ, ಒಂದು 10ರ ಮೇಲೆ, ಒಂದು 15ರ ಮೇಲೆ ಹಾಕಿ. ಮೂರೂ ಒಂದೇ ವೇಗದಲ್ಲಿರಲಿ. 5ರಲ್ಲಿ ಜೋರಾಗಿ ತಿರುಗಿ 15ರಲ್ಲಿ ಜಾರಿದರೆ ಹೌಸ್ ಪ್ಯಾಟರ್ನ್, ಹೊರಗೆ ಒಣ. ಮೂರೂ ಹೆಚ್ಚುಕಡಿಮೆ ಒಂದೇ ತರ ಜಾರಿದರೆ ಎಣ್ಣೆ ಅಡ್ಡಕ್ಕೂ ಸಮನಾಗಿದೆ. ಅಂಥ ಲೇನಿನಲ್ಲಿ ಹೊರಗೆ ಹೋದ ಬಾಲ್ ವಾಪಸ್ ಬರುವುದಿಲ್ಲ, ಗುರಿ ಬಿಗಿಯಾಗಿರಬೇಕು.

ಟೂರ್ನಿಯಲ್ಲಿ ಉದ್ದ ಹೇಳಿದರೆ ಸುಲಭ ಲೆಕ್ಕ ಇದೆ. ಎಣ್ಣೆಯ ಉದ್ದದಿಂದ 31 ಕಳೆಯಿರಿ. 40 ಅಡಿ ಆದರೆ 9. ಎಣ್ಣೆ ಮುಗಿಯುವ ಕಡೆ ಬಾಲ್ 9ನೇ ಬೋರ್ಡಿನ ಹತ್ತಿರ ಇರಬೇಕು ಅಂತ ಅರ್ಥ. 35 ಅಡಿ ಆದರೆ 4, ಗಟರ್ ಪಕ್ಕದಲ್ಲೇ ಆಡಬೇಕು. ಇದು ಎಲ್ಲಿಂದ ಶುರು ಮಾಡುವುದು ಅನ್ನುವುದಕ್ಕೆ ಮಾತ್ರ. ಮುಂದಿನದು ಬಾಲ್ ನೋಡಿಕೊಂಡು.

ಪ್ರಶ್ನೆ: ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯೊಳಗೂ ಎಲ್ಲ ತೇವ. ಬಾಲ್ ಹಾಳಾಗುತ್ತಾ?
— ಓದುಗರು, ವಿರಾಜಪೇಟೆ

ಉತ್ತರ: ತೇವದಿಂದ ಬಾಲಿಗೆ ಏನೂ ಆಗುವುದಿಲ್ಲ. ಬೂಸ್ಟು ಹಿಡಿಯುವುದು ಬ್ಯಾಗಿಗೆ, ಶೂಗೆ, ಒರೆಸುವ ಬಟ್ಟೆಗೆ. ಆಡಿ ಬಂದ ರಾತ್ರಿ ಬಟ್ಟೆ ಹೊರಗೆ ತೆಗೆದು ಒಣಗಿಸಿ. ಬಾಲನ್ನು ಲೇನ್ ಬಿಡುವ ಮೊದಲೇ, ಮೈ ಇನ್ನೂ ಬೆಚ್ಚಗಿರುವಾಗ, ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಬಟ್ಟೆಯಲ್ಲಿ ಒರೆಸಿ. ರಿಯಾಕ್ಟಿವ್ ಕವರ್ ಎಣ್ಣೆ ಕುಡಿಯುತ್ತದೆ, ಮನೆಗೆ ಬಂದು ಒರೆಸಿದರೆ ಅಷ್ಟೊತ್ತಿಗೆ ಒಳಗಿಳಿದಿರುತ್ತದೆ. 2000 ಗ್ರಿಟ್ ಮೈ ಕೂಡ ಆಡುತ್ತಾ ಆಡುತ್ತಾ ಲೇನಿಗೆ ಉಜ್ಜಿ ನುಣುಪಾಗುತ್ತದೆ. "ಮೊದಲು ನಯವಾಗಿ ತಿರುಗುತ್ತಿತ್ತು, ಈಗ ಯಾಕೋ ಹಾಗಿಲ್ಲ" ಅನ್ನಿಸಿದರೆ ಮತ್ತೆ ಪ್ಯಾಡ್ ಹಾಕಿಸಿ.

ಬಾಲಿಗೆ ಭಯ ಇರುವುದು ಬಿಸಿಲಿಂದ. ಮೈಸೂರಿನಲ್ಲಿ ಊಟಕ್ಕೆ ಇಳಿದಾಗ ಕಾರಿನ ಡಿಕ್ಕಿಯಲ್ಲಿ ಬಿಟ್ಟು, ಕಾದ ಬಾಲನ್ನು ಏಸಿ ಹಾಲಿಗೆ ತಂದು ಕೂಡಲೇ ಆಡಿದರೆ ಕವರ್ ಬಿರುಕು ಬಿಡಬಹುದು. ಜೊತೆಯಲ್ಲೇ ಒಳಗೆ ತನ್ನಿ.

ಮಳೆಗಾಲದಲ್ಲಿ ಬಾಲಿಗಿಂತ ಶೂ ಬಗ್ಗೆ ಎಚ್ಚರ ಜಾಸ್ತಿ ಬೇಕು. ಜಾರುವ ಕಾಲಿನ ಶೂ ತಳಕ್ಕೆ ಒಂದು ಹನಿ ನೀರು ತಾಗಿದರೂ ಕೊನೆಯ ಹೆಜ್ಜೆ ಜಾರದೆ ಕಚ್ಚಿಕೊಳ್ಳುತ್ತದೆ, ಮೈ ಮಾತ್ರ ಮುಂದೆ ಹೋಗುತ್ತದೆ. ಮೊಣಕಾಲು ಉಳುಕಿಸಿಕೊಳ್ಳುವುದು ಹಾಗೆಯೇ. ಬೌಲಿಂಗ್ ಶೂ ಹಾಕಿಕೊಂಡು ಟಾಯ್ಲೆಟ್‌ಗೋ ಕ್ಯಾಂಟೀನಿಗೋ ಹೋಗಬೇಡಿ, ಹೋಗಲೇಬೇಕಾದರೆ ಮೇಲೆ ಶೂ ಕವರ್ ಹಾಕಿಕೊಳ್ಳಿ. ಹೆಬ್ಬೆರಳೂ ತೇವಕ್ಕೆ ಸ್ವಲ್ಪ ಊದಿಕೊಳ್ಳುತ್ತದೆ. ತೂತಿನೊಳಗೆ ಎರಡು ಮೂರು ಪದರ ಬೌಲಿಂಗ್ ಟೇಪ್ ಹಾಕಿಟ್ಟುಕೊಂಡರೆ, ಬಿಗಿ ಅನ್ನಿಸಿದ ದಿನ ಒಂದು ಪದರ ಕಿತ್ತು ಆಡಬಹುದು.