ಸಂಪಾದಕರ ಉತ್ತರ: ನಿಮ್ಮ ಸೊಸೆ ಮಾಡಿದ್ದೇ ಸರಿ

ಓದುಗರ ಪತ್ರ: "ಕಳೆದ ಸಂಚಿಕೆಯಲ್ಲಿ ಮಕ್ಕಳ ಮಧುಮೇಹದ ಕುರಿತು ನೀವು ಪ್ರಕಟಿಸಿದ ಲೇಖನ ನಮ್ಮ ಮನೆಯ ನೆಮ್ಮದಿ ಕೆಡಿಸಿತು. ನನ್ನ ನಾಲ್ಕು ವರ್ಷದ ಮೊಮ್ಮಗ, ತಂಗಿ ಹುಟ್ಟಿದ ಮೇಲೆ ಮತ್ತೆ ರಾತ್ರಿ ಹಾಸಿಗೆ ಒದ್ದೆ ಮಾಡತೊಡಗಿದ್ದ. ನೀರನ್ನೂ ಸ್ವಲ್ಪ ಹೆಚ್ಚಾಗಿ ಕುಡಿಯುತ್ತಿದ್ದನಂತೆ. ಲೇಖನ ಓದಿದ ಸೊಸೆ ಅಂದೇ ಸಂಜೆ ಅವನನ್ನು ಕರೆದುಕೊಂಡು ಹೋಗಿ ಬೆರಳಿಗೆ ಚುಚ್ಚಿಸಿಕೊಂಡು ಬಂದಳು. ಸಕ್ಕರೆ 94. ಮಗು ಅತ್ತದ್ದಷ್ಟೇ ಬಂತು. ನಮ್ಮ ವಂಶದಲ್ಲಿ ಯಾರಿಗೂ ಈ ಕಾಯಿಲೆಯಿಲ್ಲ, ಮಗುವಿಗೆ ಸಿಹಿಯನ್ನೂ ಹೆಚ್ಚು ಕೊಡುವುದಿಲ್ಲ. ಇಡೀ ವೃತ್ತಿಜೀವನವನ್ನು ಮಕ್ಕಳ ನಡುವೆ ಕಳೆದ ನಾನು ಸಕ್ಕರೆ ಕಾಯಿಲೆಯ ಒಂದು ಮಗುವನ್ನೂ ಕಂಡಿಲ್ಲ. ಎಳೆಯ ತಾಯಂದಿರಲ್ಲಿ ಭಯ ಬಿತ್ತುವುದನ್ನು ಪತ್ರಿಕೆಗಳು ನಿಲ್ಲಿಸಬೇಕಲ್ಲವೇ?" — ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು (ಹೆಸರು ಬೇಡವೆಂದಿದ್ದಾರೆ)

ಮಾನ್ಯ ಮೇಷ್ಟರೇ,

ನಿಮ್ಮ ಮೊಮ್ಮಗನ ಸಕ್ಕರೆ 94 ಎಂದು ಓದಿ ನನಗೆ ನಿಜಕ್ಕೂ ಸಂತೋಷವಾಯಿತು. ಹೆದರಿಕೆಯನ್ನೇ ಬಂಡವಾಳ ಮಾಡಿಕೊಂಡ ಬರಹಗಳು ಹೆಚ್ಚಾಗಿವೆ ಎಂಬ ನಿಮ್ಮ ದೂರನ್ನು ಒಪ್ಪುತ್ತೇನೆ. ನೀರು ಹೆಚ್ಚು ಕುಡಿದ ಮಕ್ಕಳಿಗೆಲ್ಲ ಮಧುಮೇಹವಿರುವುದಿಲ್ಲ. ಬಿಟ್ಟ ಮೇಲೆ ಮತ್ತೆ ಹಾಸಿಗೆ ಒದ್ದೆ ಮಾಡುವ ಮಕ್ಕಳಲ್ಲಿ ಅನೇಕರಿಗೆ ಇದ್ದದ್ದು ಮಲಬದ್ಧತೆಯೋ ಮೂತ್ರದ ಸೋಂಕೋ, ಇಲ್ಲವೇ ಮನೆಗೆ ಹೊಸದಾಗಿ ಬಂದ ತಂಗಿಯ ಮೇಲಿನ ಮುನಿಸೋ ಆಗಿರುತ್ತದೆ. ಇಷ್ಟು ನಿಮ್ಮ ಪಾಲಿಗೆ. ಈ ಉತ್ತರದಲ್ಲಿ ಉಳಿದದ್ದೆಲ್ಲ ನಿಮ್ಮ ಸೊಸೆಯ ಪಾಲಿಗೆ.

ಆಕೆ ಕಂಡದ್ದಾದರೂ ಏನು? ಒಮ್ಮೆ ನಿಂತುಹೋಗಿದ್ದ ಅಭ್ಯಾಸ ಮರಳಿ ಬಂದದ್ದನ್ನು ಕಂಡರು. ಅದರ ಜೊತೆಗೇ ನೀರಿನ ಲೋಟಕ್ಕೆ ಮಗುವಿನ ಕೈ ಮತ್ತೆ ಮತ್ತೆ ಹೋಗುವುದನ್ನು ಕಂಡರು. ಎರಡನ್ನೂ ಕೂಡಿಸಿ ನೋಡಿದರು. ಮಕ್ಕಳ ತಜ್ಞರು ತಮ್ಮ ವಿದ್ಯಾರ್ಥಿಗಳಿಗೆ ಕಲಿಸುವುದೂ ಇದನ್ನೇ. ಹುಟ್ಟಿದಂದಿನಿಂದ ಒದ್ದೆ ಮಾಡುತ್ತಲೇ ಇರುವ ಮಗುವಿನ ಕಥೆ ಬೇರೆ. ತಿಂಗಳುಗಟ್ಟಲೆ ಒಣ ಹಾಸಿಗೆಯಲ್ಲಿ ಎದ್ದ ಮಗು ಮತ್ತೆ ಒದ್ದೆ ಮಾಡತೊಡಗಿದರೆ ಕಾರಣ ಹುಡುಕಲೇಬೇಕು. ರಕ್ತದಲ್ಲಿ ಸಕ್ಕರೆ ನೂರು ಮಿಲಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದಾಗ ಮೂತ್ರಪಿಂಡಗಳು ಅದನ್ನು ಹಿಡಿದಿಟ್ಟುಕೊಳ್ಳಲಾರವು. ಸಕ್ಕರೆ ಮೂತ್ರಕ್ಕೆ ಇಳಿಯುತ್ತದೆ, ಇಳಿಯುವಾಗ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಹೋದ ನೀರಿಗಾಗಿ ಮಗು ಬಾಯಾರುತ್ತದೆ. ಇತ್ತ ಇನ್ಸುಲಿನ್ ಇಲ್ಲದೆ ಜೀವಕೋಶಗಳಿಗೆ ಆ ಸಕ್ಕರೆ ದಕ್ಕುವುದಿಲ್ಲ. ತುಂಬಿದ ಕಣಜದ ಮುಂದೆ ಉಪವಾಸ ಕೂತಂತೆ ಅವುಗಳ ಪಾಡು. ಆಗ ದೇಹ ತನ್ನ ಕೊಬ್ಬನ್ನೂ ಸ್ನಾಯುವನ್ನೂ ಕರಗಿಸಿಕೊಳ್ಳುತ್ತದೆ, ಚೆನ್ನಾಗಿ ಉಣ್ಣುವ ಮಗುವೂ ಇಳಿದುಹೋಗುತ್ತದೆ. ಕುಡಿಯುವುದು, ಹೊಯ್ಯುವುದು, ಸೊರಗುವುದು, ಸುಸ್ತಾಗುವುದು ಎಂಬ ನಾಲ್ಕನ್ನು ನೆನಪಿಟ್ಟುಕೊಳ್ಳಲು ವೈದ್ಯಕೀಯ ಪದವಿ ಬೇಕಿಲ್ಲ.

ಆದರೆ ಹೀಗೆ ಗಮನಿಸಿದವರ ಮಾತಿಗೆ ನಾವು ಕೊಡುವ ಬೆಲೆ ಎಷ್ಟು? ನನ್ನ ಸಂಬಂಧಿಕರ ಮನೆಯ ಹುಡುಗಿಯೊಬ್ಬಳಿಗೆ ಆಗ ಎರಡು ವರ್ಷ ತುಂಬಿತ್ತಷ್ಟೆ. ಸ್ನಾನಕ್ಕೆ ಕೂರಿಸಿದರೆ ಮಗ್ಗಿನಲ್ಲಿ ಬಕೆಟ್ಟಿನ ನೀರನ್ನೇ ಮೊಗೆದು ಕುಡಿಯುತ್ತಿದ್ದಳು. ಬೆಳಗಾಗುವಷ್ಟರಲ್ಲಿ ಡೈಪರ್ ಭಾರಕ್ಕೆ ಜೋತು ಬಿದ್ದು ಪಟ್ಟಿ ಬಿಚ್ಚಿಕೊಂಡಿರುತ್ತಿತ್ತು. ನೆಲದ ಮೇಲೆ ಬಿದ್ದ ಮೂತ್ರ ಒಣಗಿದ ಜಾಗ ಕಾಲಿಗೆ ಅಂಟುತ್ತಿತ್ತು. ಇದನ್ನೆಲ್ಲ ತಾಯಿ ಮನೆಯವರಿಗೆ ಹೇಳಿದಳು. ಸಂಜೆಯ ಮೇಲೆ ನೀರು ಕಡಿಮೆ ಮಾಡು ಎಂದರು. ನೆರೆಯವರಿಗೆ ಹೇಳಿದಳು, ಸೆಕೆ ಎಂದರು. ಮಗು ಏದುಸಿರು ಬಿಡತೊಡಗಿದಾಗ ವೈದ್ಯರೊಬ್ಬರಿಗೂ ಹೇಳಿದಳು. ಅವರು ಎದೆಗೆ ಸ್ಟೆತಸ್ಕೋಪ್ ಇಟ್ಟು, ಕಫಕ್ಕೆ ಔಷಧ ಬರೆದು ಕಳುಹಿಸಿದರು. ಆ ರಾತ್ರಿ ಮಗು ಮಂಪರಿಗೆ ಜಾರಿತು, ಉಸಿರಿನಲ್ಲಿ ಕೊಳೆತ ಹಣ್ಣಿನ ವಾಸನೆ. ದೊಡ್ಡಾಸ್ಪತ್ರೆಯಲ್ಲಿ ನರ್ಸ್ ಒಬ್ಬರು ಬೆರಳು ಚುಚ್ಚಿ ನೋಡಿದರೆ ಗ್ಲುಕೋಮೀಟರ್ ಅಂಕಿಯನ್ನೇ ಕೊಡಲಿಲ್ಲ, ಸಕ್ಕರೆ ತನ್ನ ಅಳತೆ ಮೀರಿದೆ ಎಂದಷ್ಟೇ ತೋರಿಸಿತು. ತೀವ್ರ ನಿಗಾ ಘಟಕದಿಂದ ಮಗು ಉಳಿದು ಬಂತು. ಈಗ ಕಾಲೇಜಿಗೆ ಹೋಗುತ್ತಿದ್ದಾಳೆ, ತನ್ನ ಇನ್ಸುಲಿನ್ ಲೆಕ್ಕವನ್ನು ತಾನೇ ನೋಡಿಕೊಳ್ಳುತ್ತಾಳೆ. ಆದರೆ ಇಷ್ಟೆಲ್ಲ ಕಂಡಿದ್ದ, ಕಂಡದ್ದನ್ನು ಎಲ್ಲರಿಗೂ ಹೇಳಿದ್ದ ಆ ತಾಯಿಯನ್ನು ಕೊನೆಗೆ ಎಲ್ಲರೂ ಕೇಳಿದ ಪ್ರಶ್ನೆ "ನೀನು ಮೊದಲೇ ನೋಡಿಕೊಳ್ಳಬಾರದಿತ್ತೇ?" ಎಂಬುದು. ಇದನ್ನು ನೆನೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಎಳೆಯ ಮಕ್ಕಳಲ್ಲಿ ಕಷ್ಟವಿರುವುದು ಇಲ್ಲೇ. ಅವಕ್ಕೆ ಬಾಯಾರಿಕೆಯೆಂದು, ಸುಸ್ತೆಂದು ಬಿಡಿಸಿ ಹೇಳಲು ಬರುವುದಿಲ್ಲ. ಡೈಪರ್ ತೊಡುವ ಮಗು ಎಷ್ಟು ಸಲ ಮೂತ್ರ ಮಾಡಿತೆಂದು ಎಣಿಸುವವರಾರು? ತೊಡೆಸಂದಿಯಲ್ಲಿ ಯಾವ ಮುಲಾಮಿಗೂ ಬಗ್ಗದ ಶಿಲೀಂಧ್ರ ಸೋಂಕು, ಕಾರಣವಿಲ್ಲದ ಕಿರಿಕಿರಿ, ಆಟ ಬಿಟ್ಟು ಮಲಗುವ ಚಾಳಿ, ಸಡಿಲವಾದ ಚಡ್ಡಿ, ಹೀಗೆ ಸುಳಿವು ಚೂರುಚೂರಾಗಿಯೇ ಸಿಗುತ್ತದೆ. ಜೊತೆಗೆ, ಐದು ವರ್ಷದೊಳಗಿನವರಲ್ಲಿ ಕಾಯಿಲೆ ಬೇಗ ಬಲಿಯುತ್ತದೆ. ಕೊಬ್ಬು ಕರಗಿ ಹುಟ್ಟಿದ ಕೀಟೋನ್‌ಗಳು ರಕ್ತವನ್ನು ಆಮ್ಲವಾಗಿಸಿದಾಗ ಹೊಟ್ಟೆನೋವು, ವಾಂತಿ, ಆಳವಾದ ವೇಗದ ಉಸಿರಾಟ ಶುರುವಾಗುತ್ತವೆ. ವಾಂತಿಯನ್ನು ಅಜೀರ್ಣವೆಂದು, ಉಸಿರನ್ನು ಉಬ್ಬಸವೆಂದು, ಹೊಟ್ಟೆನೋವನ್ನು ಅಪೆಂಡಿಕ್ಸ್ ಎಂದು ತಿಳಿದು ಮೋಸಹೋದ ಉದಾಹರಣೆಗಳು ವೈದ್ಯಸಾಹಿತ್ಯದ ತುಂಬ ಇವೆ. ವಾಂತಿಯಿಂದ ಬಳಲಿದ ಮಗುವಿಗೆ ಸಾಮಾನ್ಯವಾಗಿ ಮೂತ್ರ ಕಡಿಮೆಯಾಗಬೇಕು. ವಾಂತಿಯ ಜೊತೆಗೂ ಧಾರಾಳವಾಗಿ ಮೂತ್ರ ಹೋಗುತ್ತಿದ್ದರೆ ತಡಮಾಡದೆ ಆಸ್ಪತ್ರೆಗೆ ಓಡಬೇಕು, ಅದು ನಡುರಾತ್ರಿಯಾದರೂ ಸರಿ.

ನೀವು ವಂಶದ ಮಾತು ಎತ್ತಿದ್ದೀರಿ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಮೊದಲನೆಯ ವಿಧದ (ಟೈಪ್ 1) ಮಧುಮೇಹ ಬಂದ ಹತ್ತು ಮಕ್ಕಳಲ್ಲಿ ಎಂಟೊಂಬತ್ತು ಮಂದಿಯ ಹೆತ್ತವರಿಗಾಗಲಿ ಒಡಹುಟ್ಟಿದವರಿಗಾಗಲಿ ಅದು ಇರುವುದಿಲ್ಲ. ಸಿಹಿ ತಿಂದು ಬರುವುದೂ ಅಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಮಾಡುವ ಕೋಶಗಳನ್ನು ಕೊಲ್ಲುತ್ತದೆ. ಆರು ತಿಂಗಳೊಳಗಿನ ಶಿಶುವಿಗೆ ಬಂದರೆ ಅದು ಬಹುತೇಕ ಒಂದೇ ವಂಶವಾಹಿಯ ದೋಷ. ಅಂಥವರಲ್ಲಿ ಕೆಲವರಿಗೆ ಚುಚ್ಚುಮದ್ದಿನ ಬದಲು ಮಾತ್ರೆಯೇ ಸಾಕಾಗುತ್ತದೆ, ಆದ್ದರಿಂದ ವಂಶವಾಹಿ ಪರೀಕ್ಷೆ ಮಾಡಿಸಲೇಬೇಕು. "ನಮ್ಮಲ್ಲಿ ಯಾರಿಗೂ ಇಲ್ಲ" ಎಂಬ ಮಾತಿನಲ್ಲಿ ನಿಮಗೆ ಸಮಾಧಾನ ಸಿಕ್ಕಿರಬಹುದು, ಮಗುವಿಗೆ ಅದರಿಂದ ರಕ್ಷಣೆಯಿಲ್ಲ. ಇನ್ನು ಸಿಹಿಯ ಮಾತಂತೂ ಕ್ರೂರವಾದದ್ದು. ಮಗುವಿಗೆ ಕಾಯಿಲೆ ಬಂದಿದೆಯೆಂದು ತಿಳಿದ ದಿನವೇ ತಾಯಿಯ ತಲೆಗೆ ತಪ್ಪು ಕಟ್ಟಲು ಅದೊಂದು ಮಾತು ಸಾಕು.

ನೂರು ವರ್ಷಕ್ಕೂ ಹಿಂದೆ ಈ ಮಕ್ಕಳನ್ನು ಗುರುತಿಸಿದರೂ ಉಳಿಸುವ ದಾರಿ ಇರಲಿಲ್ಲ. ವೈದ್ಯರ ಕೈಯಲ್ಲಿದ್ದದ್ದು ಉಪವಾಸದ ಪಥ್ಯವೊಂದೇ. ಸಾವನ್ನು ಒಂದಿಷ್ಟು ಕಾಲ ಮುಂದೂಡಲು ಮಕ್ಕಳನ್ನು ಹಸಿವಿನಲ್ಲಿಡುತ್ತಿದ್ದರು. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಸಂಶೋಧಕರಾದ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಬೇರ್ಪಡಿಸಿದರು. 1922ರ ಜನವರಿ 11ರಂದು ಹದಿನಾಲ್ಕು ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಮೊದಲ ಚುಚ್ಚುಮದ್ದು ಕೊಟ್ಟರು, ಅದು ಅಷ್ಟಾಗಿ ಫಲಿಸಲಿಲ್ಲ. ಅದೇ ತಂಡದ ರಸಾಯನಶಾಸ್ತ್ರಜ್ಞ ಕಾಲಿಪ್ ಶುದ್ಧಗೊಳಿಸಿದ ಸಾರವನ್ನು 23ರಂದು ಕೊಟ್ಟಾಗ ಹುಡುಗ ಚೇತರಿಸಿಕೊಂಡ. ಅದೇ ವರ್ಷ ಎಲಿಜಬೆತ್ ಹ್ಯೂಸ್ ಎಂಬ ಹುಡುಗಿ ಎಲುಬಿನ ಹಂದರವಾಗಿ ಬ್ಯಾಂಟಿಂಗ್ ಬಳಿಗೆ ಬಂದಳು. ಹದಿನೈದು ತುಂಬುತ್ತಿದ್ದ ಆಕೆಯ ತೂಕ ಸುಮಾರು ಇಪ್ಪತ್ತು ಕಿಲೋ. ಇನ್ಸುಲಿನ್ ಪಡೆದು ಮದುವೆಯಾಗಿ, ಮಕ್ಕಳನ್ನು ಹೆತ್ತು, 1981ರವರೆಗೆ ಬದುಕಿದಳು. ಔಷಧವೇ ಇಲ್ಲದ ಕಾಲದ ಸಾವಿಗೆ ಯಾರನ್ನು ದೂರುವುದು? ಔಷಧ ಸಿಕ್ಕಿ ಶತಮಾನ ಕಳೆದ ಮೇಲೂ ಒಂದು ಮಗು ರಕ್ತಪರೀಕ್ಷೆಯಾಗದ ಕಾರಣಕ್ಕೆ ಸತ್ತರೆ ದೂರಲು ನಾವೆಲ್ಲ ಇದ್ದೇವೆ.

ನೀವು ಒಂದು ಮಗುವನ್ನೂ ಕಂಡಿಲ್ಲ ಎಂದಿರಿ. ನಿಮ್ಮ ಅನುಭವದ ಮೇಲೆ ನನಗೆ ಗೌರವವಿದೆ. ನಿಮ್ಮ ಅಕ್ಷರದ ಚೆಂದ ನೋಡಿದರೆ ನೀವು ಕಲಿಸಿದ ಮಕ್ಕಳು ಭಾಗ್ಯವಂತರೆಂದೇ ತೋರುತ್ತದೆ. ಆದರೂ ಕೇಳುತ್ತೇನೆ: ಪಾಠದ ನಡುವೆ ಮತ್ತೆ ಮತ್ತೆ ಕಿರುಬೆರಳು ಎತ್ತಿದ ಮಗುವನ್ನು "ಈಗಷ್ಟೇ ಹೋಗಿ ಬಂದೆಯಲ್ಲ, ಕೂತುಕೋ" ಎಂದು ಗದರಿದ ತರಗತಿಗಳು ಎಷ್ಟಿಲ್ಲ? ಬೆಂಚಿನ ಮೇಲೆ ತಲೆಯಿಟ್ಟು ಮಲಗಿದವನನ್ನು ಸೋಮಾರಿಯೆಂದು ಎಬ್ಬಿಸಿ ನಿಲ್ಲಿಸಿದವರು ಎಷ್ಟಿಲ್ಲ? ಜ್ವರ ಬಂದು ತೀರಿಕೊಂಡನೆಂದು ಹಾಜರಿ ಪುಸ್ತಕದಲ್ಲಿ ಹೆಸರು ಹೊಡೆಸಿಕೊಂಡ ಮಕ್ಕಳ ರಕ್ತವನ್ನು ಯಾರೂ ಪರೀಕ್ಷಿಸಿರಲಿಲ್ಲ. ಹುಡುಕದೆ ಇರುವಾಗ ಕಂಡಿಲ್ಲ ಎನ್ನುವುದು ಸಾಕ್ಷ್ಯವಾಗುವುದಿಲ್ಲ ಮೇಷ್ಟರೇ, ಇದನ್ನು ನಿಮಗೆ ನಾನು ಹೇಳಬೇಕೇ?

ಇಟಲಿಯ ಪಾರ್ಮಾದಲ್ಲಿ ಇದೇ ಭಯವನ್ನು, ನಿಮ್ಮ ಮಾತಿನಲ್ಲೇ ಹೇಳುವುದಾದರೆ, ಊರಿಡೀ ಬಿತ್ತಿದರು. 1991ರಿಂದ ಶಾಲೆಗಳಲ್ಲಿ, ಮಕ್ಕಳ ವೈದ್ಯರ ಕೊಠಡಿಗಳಲ್ಲಿ ಒಂದು ಸರಳ ಭಿತ್ತಿಪತ್ರ ಅಂಟಿಸಿದರು. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಶುರುಮಾಡಿದರೆ, ಹೆಚ್ಚು ನೀರು ಕುಡಿದರೆ ಸಕ್ಕರೆ ನೋಡಿಸಿ ಎಂಬುದು ಅದರ ತಿರುಳು. ವೈದ್ಯರಿಗೆ ಸಕ್ಕರೆ ಅಳೆಯುವ ಸಲಕರಣೆಯನ್ನೂ ಕೊಟ್ಟರು. ಅದಕ್ಕೆ ಮೊದಲು, ಹೊಸದಾಗಿ ಪತ್ತೆಯಾಗುತ್ತಿದ್ದ ಮಕ್ಕಳಲ್ಲಿ ಶೇ. 78ರಷ್ಟು ಮಂದಿ ರಕ್ತ ಆಮ್ಲವಾದ ಸ್ಥಿತಿಯಲ್ಲೇ ಆಸ್ಪತ್ರೆ ಸೇರುತ್ತಿದ್ದರು. ಮುಂದಿನ ವರ್ಷಗಳಲ್ಲಿ ಅದು ಶೇ. 12.5ಕ್ಕೆ ಇಳಿಯಿತು. ಇದನ್ನು ಸಾಧಿಸಲು ಹೊಸ ಔಷಧ ಬೇಕಾಗಲಿಲ್ಲ. ಅಲ್ಲಿಯೂ ಪರೀಕ್ಷೆಗೆ ಬಂದ ಮಕ್ಕಳಲ್ಲಿ ಎಷ್ಟೋ ಮಂದಿ ನಿಮ್ಮ ಮೊಮ್ಮಗನ ಹಾಗೆ ಏನೂ ಇಲ್ಲದೆ ಅತ್ತು ಮನೆಗೆ ಹೋಗಿರಬೇಕು. ಉಳಿದವರು ಬದುಕಿದ್ದು ಅದೇ ಸಾಲಿನಲ್ಲಿ ನಿಂತು.

ಸಹಜವೆಂದು ಬಂದ ವರದಿಯನ್ನು ಸೋಲೆಂದು ಎಣಿಸುವ ಈ ಬುದ್ಧಿ ನಮಗೆ ಎಲ್ಲಿಂದ ಬಂತೋ ಕಾಣೆ. ಮನೆಯ ಗಂಡಸಿಗೆ ಎದೆ ಹಿಡಿದರೆ ಇಸಿಜಿ ಮಾಡಿಸುತ್ತೇವೆ, ಏನೂ ಇಲ್ಲವೆಂದರೆ ದೇವರು ದೊಡ್ಡವನು ಎನ್ನುತ್ತೇವೆ. ಮಗುವಿನ ವಿಷಯದಲ್ಲಿ ಸೊಸೆ ಮಾಡಿಸಿದ ಪರೀಕ್ಷೆಯಲ್ಲಿ ಏನೂ ಇಲ್ಲವೆಂದರೆ ಅವಳಿಗೆ ತಲೆ ಕೆಟ್ಟಿದೆ ಎನ್ನುತ್ತೇವೆ. ಮಗುವನ್ನು ದಿನವಿಡೀ ಎತ್ತಿಕೊಂಡವರ ಮಾತು, ವಾರಕ್ಕೊಮ್ಮೆ ಎತ್ತಿ ಮುದ್ದಾಡುವವರ ಮಾತಿಗಿಂತ ಯಾಕೆ ಹಗುರವಾಗಬೇಕು? ಶಾಲೆಯ ಅಂಕಪಟ್ಟಿಯಿಂದ ಹಿಡಿದು ಚಿಕಿತ್ಸಾಲಯದ ಚೀಟಿಯವರೆಗೆ, ಹತ್ತಿರವಿದ್ದು ನೋಡಿದವರ ಮಾತನ್ನು ಬರೆದುಕೊಳ್ಳಲು ಜಾಗವೇ ಇಲ್ಲ. ಸಂಶಯ ಬಂದ ಮೇಲೂ "ನಾಳೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ" ಎನ್ನುವ ಕಡೆಗಳಿವೆ. ಲಕ್ಷಣಗಳಿರುವ ಮಗುವಿಗೆ ಖಾಲಿ ಹೊಟ್ಟೆಯ ಹಂಗಿಲ್ಲ. ಆ ಗಳಿಗೆಯ ರಕ್ತದಲ್ಲೇ ಸಕ್ಕರೆ 200 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಮಧುಮೇಹವೇ. ಒಂದು ರಾತ್ರಿ ಕಾಯುವುದು ಎಳೆಯ ಮಗುವಿಗೆ ದುಬಾರಿಯಾದೀತು.

ಇನ್ನು ನಿಮ್ಮ ಮೊಮ್ಮಗನ ಮಾತು. ಮಧುಮೇಹವಿಲ್ಲ ಎಂದು ತಿಳಿಯಿತು, ಒದ್ದೆಯಾಗುವುದು ಯಾಕೆಂದು ಇನ್ನೂ ತಿಳಿದಿಲ್ಲ. ಮೂತ್ರದ ಸೋಂಕಿಗೆ, ಮಲಬದ್ಧತೆಗೆ ಒಮ್ಮೆ ತೋರಿಸಿ. ನೀರು ಕಡಿತ ಮಾಡಬೇಡಿ, ಬೆಳಿಗ್ಗೆ ಹಾಸಿಗೆ ಎತ್ತುವಾಗ ಅವನ ಎದುರು ಯಾರೂ ಮುಖ ಸಿಂಡರಿಸದಿರಲಿ. ತಂಗಿ ಬಂದ ಮೇಲೆ ಅವನಿಗೆ ಕಡಿಮೆಯಾದ ಮಡಿಲನ್ನು ಅಜ್ಜನಾದ ನೀವು ತುಂಬಬಹುದು. ಬಾಯಾರಿಕೆ ಹೆಚ್ಚಾದರೆ, ತೂಕ ಇಳಿದರೆ ಮತ್ತೆ ಪರೀಕ್ಷೆ ಮಾಡಿಸಿ. ಇವತ್ತಿನ 94 ಮುಂದಿನ ವರ್ಷಕ್ಕೆ ಜಾಮೀನಲ್ಲ. ಆಗಲೂ ಸೊಸೆಯೇ ಮೊದಲು ಗಮನಿಸುತ್ತಾರೆ. ಆ ದಿನ ಅವರ ಜೊತೆ ನೀವೂ ಹೊರಡಿ.

ಕೊನೆಯದಾಗಿ ಒಂದು ಕೋರಿಕೆ. ಮುಂದಿನ ಸಂಚಿಕೆಯ ನಡುಪುಟವನ್ನು ಬಿಡಿಸಿ ಗೋಡೆಗೆ ಅಂಟಿಸುವಂಥ ಭಿತ್ತಿಪತ್ರವಾಗಿ ಅಚ್ಚು ಮಾಡುತ್ತಿದ್ದೇವೆ, ಪಾರ್ಮಾದವರು ಮಾಡಿದ ಹಾಗೆಯೇ. ಕೆಲವು ಪ್ರತಿಗಳನ್ನು ನಿಮ್ಮ ವಿಳಾಸಕ್ಕೆ ಕಳುಹಿಸುತ್ತೇನೆ. ನೀವು ಮುಖ್ಯೋಪಾಧ್ಯಾಯರಾಗಿದ್ದ ಶಾಲೆಯಲ್ಲಿ ನಿಮ್ಮ ಮಾತಿಗೆ ಈಗಲೂ ತೂಕವಿರುತ್ತದೆ. ಶಿಕ್ಷಕರ ಕೊಠಡಿಯಲ್ಲೊಂದು, ಶೌಚಾಲಯಕ್ಕೆ ಹೋಗುವ ದಾರಿಯಲ್ಲೊಂದು ಹಚ್ಚಿಸಿಕೊಡಿ.

— ಸಂಪಾದಕ